ಡ್ರೈಯರಿನ ಹಿಂದಿನ ಡಬರಿ

ಪ್ರೀತಿಯ ರಂಗಣ್ಣನವರಿಗೆ,

ನೀವಿರುವ ಕಡೆ ಕುರ್ಚಿ ಇದ್ದರೆ ಮೊದಲು ಕೂತುಕೊಳ್ಳಿ. ಬಟ್ಟೆ ಒಣಗಿಸುವ ನಮ್ಮ ಗ್ಯಾಸ್ ಡ್ರೈಯರ್ ಮತ್ತೆ ಕೆಟ್ಟಿತ್ತು, ರಿಪೇರಿ ಮಾಡಿದ್ದು ನಾನು. ನಂಬುವುದಿಲ್ಲ ಅಲ್ಲವೇ? ಹೇಗೆ ಮಾಡಿದೆ ಎಂದು ಹೇಳುವ ಮೊದಲು, ಐದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಪೆಟ್ರೋಲ್ ಸಿಗದೆ ಗ್ಯಾಸ್ ಸ್ಟೇಷನ್ನುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತ ಆ ಚಳಿಗಾಲ ನೆನಪಿದೆಯಾ? ಡೆಟ್ರಾಯ್ಟಿನಲ್ಲಿ ದೊಡ್ಡ ಕಾರು ಕೊಳ್ಳುವವರಿಲ್ಲದೆ ನಿಮ್ಮನ್ನು ಕಾರ್ಖಾನೆಯ ಕೆಲಸದಿಂದ ಲೇಆಫ್ ಮಾಡಿದ್ದರು. ಪದ್ಮತ್ತಿಗೆ ಫೋನಿನಲ್ಲಿ ಅತ್ತರು. “ಇವ್ರು ಮಾತೇ ಆಡಲ್ಲ ಕಣೇ ಶಾರದಾ. ನಿನ್ನೆ ಸಾರಿಗೆ ಉಪ್ಪು ಹಾಕೋದು ಮರ್ತಿದ್ದೆ, ಅದಕ್ಕೂ ಬೈಲಿಲ್ಲ.” ಸಾರಿನ ವಿಷಯದಲ್ಲಿ ನೀವು ಸುಮ್ಮನಿದ್ದೀರಿ ಎಂದರೆ ಪರಿಸ್ಥಿತಿ ನಿಜಕ್ಕೂ ಕೈಮೀರಿದೆ ಎಂದು ನನಗೆ ಭಯವಾಯಿತು. ಅದೇ ವಾರ ನಮ್ಮ ಡ್ರೈಯರೂ ಮಂಕಾಯಿತು. ಹತ್ತು ನಿಮಿಷ ಬಿಸಿ, ಆಮೇಲೆ ಬರೀ ಗರಗರ ತಿರುಗಾಟ, ಬಟ್ಟೆ ಹಸಿ ಹಸಿ. ನಮ್ಮ ಮನೆಯವರು ಜನರ ಹೊಟ್ಟೆ ಕೊಯ್ದು ಹೊಲಿಯುವ ಡಾಕ್ಟರಾದರೂ ಸ್ಕ್ರೂಡ್ರೈವರ್ ಕಂಡರೆ ಬೆವರುತ್ತಾರೆ. “ರಂಗಣ್ಣನ್ನೇ ಕರಿಯೋಣ, ಅವ್ರಿಗೂ ಮನೆಯಿಂದ ಹೊರಗೆ ಬಂದಹಾಗಾಗತ್ತೆ,” ಎಂದರು.

ಮೊದಲ ಶನಿವಾರ ನೀವು ನಮ್ಮ ಬೇಸ್‌ಮೆಂಟಿನ ನೆಲದ ಮೇಲೆ ಬೋರಲು ಮಲಗಿ, ಡ್ರೈಯರಿನ ಕೆಳಗಿನ ತಗಡು ತೆಗೆದಿರಿ. ಟಾರ್ಚ್ ಹಿಡಿಯುವ ಕೆಲಸ ನನ್ನದು. ತಿಂಗಳಿಂದ ಬಾಯಿ ಬಿಡದಿದ್ದವರು ಆವತ್ತು ಪಾಠ ಶುರುಮಾಡಿದಿರಿ. “ಮೊದ್ಲು ಉರಿ ನೋಡ್ಬೇಕು ಕಣಮ್ಮ. ಆ ಕಡ್ಡಿ ಕೆಂಪಗಾಗತ್ತೆ, ಟಿಕ್ ಅಂತ ಗ್ಯಾಸ್ ಬರತ್ತೆ, ಬುಸ್ ಅಂತ ನೀಲಿ ಉರಿ. ಅದು ಆರಿ ಇನ್ನೊಂದ್ಸಲ ಹತ್ಕೋಬೇಕು. ಮೊದಲ್ನೇ ಸಲ ಎಲ್ಲಾ ಮೆಷೀನೂ ಹತ್ಕೊಳತ್ತೆ. ಎರಡ್ನೇ ಸಲ ಹತ್ಕೊಳ್ಳೋದೇ ಮುಖ್ಯ.” ಉರಿ ನಿಮ್ಮ ಮುಂದೆ ಎರಡಲ್ಲ, ಐದು ಸಲ ಹತ್ತಿತು. ಡಾಕ್ಟರನ್ನು ಕಂಡೊಡನೆ ಜ್ವರ ಬಿಡುವ ಮಗುವಿನ ಹಾಗೆ ಡ್ರೈಯರ್ ನಿಮ್ಮೆದುರು ಸರಿಯಾಗುತ್ತಿತ್ತು, ನೀವು ಹೋದ ಮೇಲೆ ಮತ್ತೆ ತಣ್ಣಗೆ. ಎರಡನೇ ಶನಿವಾರವೂ ಅದೇ ಕತೆ. ನೀವು ತಲೆ ಕೆರೆದುಕೊಂಡು, “ಗ್ಯಾಸ್ ಬಿಡೋ ವಾಲ್ವಿನ ಕಾಯಿಲ್ ಹೋಗಿದೆ. ಮುಂದಿನ್ವಾರ ಹೊಸದು ತರ್ತೀನಿ,” ಎಂದಿರಿ.

ಇನ್ನು ನನ್ನ ತಪ್ಪು. ಇಲ್ಲಿಂದ ಷಿಕಾಗೋವರೆಗೆ ಕನ್ನಡದವರೆಲ್ಲ ಹೊಗಳುತ್ತಿದ್ದ ನನ್ನ ಮಲ್ಲಿಗೆಯಂಥ ಇಡ್ಲಿ ಇತ್ತಲ್ಲ... ಆ ಚಳಿಯಲ್ಲಿ ಅದರ ಹಿಟ್ಟು ಎಲ್ಲಿ ಉಬ್ಬುತ್ತಿತ್ತು ಎಂದು ಯಾರಾದರೂ ಕೇಳಿದ್ದರಾ? ಡ್ರೈಯರಿನ ಹಿಂದೆ, ಬಿಸಿಗಾಳಿ ಹೊರಗೆ ಹೋಗುವ ಸುರುಳಿ ಪೈಪಿನ ಮೇಲೆ. ಒಂದಡಿ ದೂರದಲ್ಲಿ ನಮ್ಮ ಮನೆಯವರ ಒಗೆಯದ ಬನಿಯನ್, ಕಾಲುಚೀಲ. ಎರಡು ವರ್ಷ ಸಣ್ಣ ಪಾತ್ರೆಯಲ್ಲಿ ಯಾರಿಗೂ ಗೊತ್ತಾಗದೆ ನಡೆದುಹೋಯಿತು. ಆ ಚಳಿಗಾಲ ಸಂಕ್ರಾಂತಿ ಊಟಕ್ಕೆ ಜನ ಹೆಚ್ಚಾದರೆಂದು ಸೋದರಮಾವ ಮದುವೆಗೆ ಕೊಟ್ಟಿದ್ದ ದೊಡ್ಡ ಡಬರಿ ಇಳಿಸಿದೆ, ಆಮೇಲೂ ಅದರಲ್ಲೇ ಹಿಟ್ಟು ಇಡತೊಡಗಿದೆ. ಪದ್ಮತ್ತಿಗೆಯ ಮಡಿ ನಿಮಗೇ ಗೊತ್ತು. ಊರಿಗೆಲ್ಲ ಅವರು ಊಟ ಮಾಡುತ್ತಿದ್ದುದು ನಮ್ಮ ಮನೆಯಲ್ಲಿ ಮಾತ್ರ. ಅವರಿಗೆ ಗೊತ್ತಾದರೆ ನನ್ನ ಗತಿ? ಅದಕ್ಕೇ ಪ್ರತಿ ಶನಿವಾರ ನೀವು ಬರುವ ಮೊದಲು ಡಬರಿಯನ್ನು ಮೇಲಕ್ಕೆ ಸಾಗಿಸಿಬಿಡುತ್ತಿದ್ದೆ.

ಮೂರನೇ ಶನಿವಾರ ನೀವು ಒಂದು ಗಂಟೆ ಮುಂಚೆ ಬಂದಿರಿ. ಬೂಟಿನ ಸದ್ದು ಕೇಳಿ ಕೆಳಗೆ ಓಡಿದೆ, ಡಬರಿ ಎತ್ತಿ ಒಗೆಯುವ ಬಟ್ಟೆಯ ರಾಶಿಯೊಳಗೆ ಹುದುಗಿಸಿದೆ. ಮುಚ್ಚಳ ಮಾತ್ರ ಠಣ್ ಎಂದು ಎಲ್ಲೋ ಬಿತ್ತು. ನೀವು ಡ್ರೈಯರ್ ಮುಂದಕ್ಕೆಳೆದು ಹಿಂದೆ ಬಗ್ಗಿದಿರಿ. ಟಾರ್ಚಿನ ಬೆಳಕಿನಲ್ಲಿ ಪೈಪು ಚಪ್ಪಟೆಯಾಗಿ, ಅದರ ಮೇಲೆ ಡಬರಿಯ ತಳದ ಗುಂಡನೆಯ ಗುರುತು ಬಿದ್ದಿದ್ದು ನನಗೆ ಕಂಡಿತು. ಗಾಳಿಗೆ ದಾರಿಯಿಲ್ಲದೆ ಉರಿ ಆರುತ್ತಿದ್ದುದು ನನ್ನ ಹಿಟ್ಟಿನ ಭಾರಕ್ಕೆ! ಡಬರಿ ಎತ್ತಿ ಸ್ವಲ್ಪ ಹೊತ್ತಿಗೆ ಪೈಪು ಮೊದಲಿನಂತೆ ಉಬ್ಬಿಕೊಳ್ಳುತ್ತಿತ್ತು, ಅದಕ್ಕೇ ನಿಮ್ಮೆದುರು ಎಲ್ಲ ಸರಿಯಿರುತ್ತಿತ್ತು. ನೀವು ಬಹಳ ಹೊತ್ತು ಅಲ್ಲೇ ಬಗ್ಗಿದ್ದಿರಿ. ನಿಮ್ಮ ಭುಜ ಅಲುಗುತ್ತಿತ್ತು. ಕೆಲಸ ಹೋದ ದುಃಖ ಉಕ್ಕಿತು ಎಂದುಕೊಂಡು ನಾನು ಕಾಫಿ ತರಲು ಮೇಲೆ ಓಡಿದೆ. ವಾಪಸು ಬರುವಷ್ಟರಲ್ಲಿ ತಗಡು ಹಾಕಿ ಎದ್ದು ನಿಂತು, “ಆಯ್ತು ನೋಡಮ್ಮ! ಕಾಯಿಲ್ಲೇ!” ಎಂದಿರಿ.

ಅವತ್ತು ಎಂಟು ಇಡ್ಲಿ ತಿಂದಿರಿ, ಚಟ್ನಿಗೆ ಖಾರ ಕಮ್ಮಿ ಎಂದು ಬೈದಿರಿ. ಊಟಕ್ಕೆ ಬಂದಿದ್ದ ಪದ್ಮತ್ತಿಗೆ ಆ ಬೈಗುಳ ಕೇಳಿ ನನ್ನ ಕೈ ಹಿಡಿದುಕೊಂಡರು. ಆಮೇಲೆ ಮನೆಮನೆಗೆ ಹೋಗಿ ಡ್ರೈಯರ್ ನೋಡಿದಿರಿ, ಕೆಲಸವೂ ಸಿಕ್ಕಿತು. ಹೋದಲ್ಲೆಲ್ಲ ಆ ಕಾಯಿಲಿನ ಕತೆ. ಸತ್ಯ ಹೇಳಿ ನಿಮ್ಮ ಉತ್ಸಾಹಕ್ಕೆ ನೀರೆರಚಲು ನನಗೆ ಮನಸ್ಸಾಗಲಿಲ್ಲ. ಹಿಟ್ಟನ್ನು ಅಡುಗೆಮನೆಯ ಓವನ್ನಿಗೆ ಸಾಗಿಸಿದೆ. ಇಡ್ಲಿ ಸ್ವಲ್ಪ ಗಟ್ಟಿಯಾಯಿತು, ಆದರೂ ನೀವು ಇನ್ನೆರಡು ಕೇಳುತ್ತಲೇ ಇದ್ದಿರಿ. ರಂಗಣ್ಣನ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದು ನನ್ನೊಳಗೇ ಜಂಭ ಪಟ್ಟುಕೊಂಡಿದ್ದೆ.

ನೀವು ನಮ್ಮನ್ನೆಲ್ಲ ಬಿಟ್ಟುಹೋಗಿ ಮೂರು ತಿಂಗಳಾಯಿತು. ಟೂಲ್ ಬಾಕ್ಸನ್ನು ಪದ್ಮತ್ತಿಗೆ ನಮಗೆ ಕೊಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ಕಳೆದ ವಾರ ಡ್ರೈಯರ್ ತಣ್ಣಗಾದಾಗ ತೆರೆದೆ. ತಳದಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿದ ಸ್ಟೀಲ್ ಮುಚ್ಚಳ. ಮೇಲೆ ಕೆತ್ತಿದ ಹೆಸರು, ಶಾರದಾ. ಜೊತೆಗೆ ಒಡೆಯದ ಪೊಟ್ಟಣದಲ್ಲಿ ಹೊಸ ಕಾಯಿಲ್, ಅದರ ಮೇಲೆ ನಿಮ್ಮ ಅಕ್ಷರ: “ಶಾರದಾ ಮನೆಗೆ. ಈಗ ಬೇಡ.”

ಹಾಗಾದರೆ ಅವತ್ತು ಆ ಭುಜ ಅಲುಗಿದ್ದು... ನೀವು ನಗುತ್ತಿದ್ದಿರಾ ರಂಗಣ್ಣ? ಐದು ವರ್ಷ ನನ್ನ ಇಡ್ಲಿಯ ಮಾನ ಕಾಪಾಡಿದ್ದು ನೀವೇನಾ? ನಾನು ಬೇಸ್‌ಮೆಂಟಿನ ನೆಲದ ಮೇಲೆ ಕೂತು ನಕ್ಕೆ, ಅತ್ತೆ. ಆಮೇಲೆ ನೀವು ಹೇಳಿಕೊಟ್ಟ ಹಾಗೆ ಪ್ಲಗ್ ಕಿತ್ತು, ಗ್ಯಾಸ್ ಮುಚ್ಚಿ, ಪೈಪು ನೋಡಿದೆ. ಸರಿಯಾಗಿತ್ತು. ಹಳೆಯ ಕಾಯಿಲ್ ತೆಗೆದು ನಿಮ್ಮದನ್ನು ಹಾಕಿ, ಗ್ಯಾಸ್ ತೆರೆದು, ಪ್ಲಗ್ ಸಿಕ್ಕಿಸಿದೆ. ಉರಿ ಹತ್ತಿತು, ಆರಿತು. ಟಾರ್ಚ್ ಹಿಡಿದು ಕಾದೆ. ಟಿಕ್. ಬುಸ್. ಎರಡನೇ ಸಲವೂ ಹತ್ತಿತು.

ಮರುದಿನ ಇಡ್ಲಿ ಮಾಡಿಕೊಂಡು ಪದ್ಮತ್ತಿಗೆಯ ಹತ್ತಿರ ಹೋದೆ. ಮೂರು ತಿಂಗಳಿಂದ ಅವರೂ ಮಾತು ಬಿಟ್ಟಿದ್ದಾರೆ, ಕೆಲಸ ಹೋದಾಗ ನೀವು ಬಿಟ್ಟಿದ್ದ ಹಾಗೆಯೇ. ನಮ್ಮ ಮನೆಯ ಊಟವನ್ನೂ ಅವರು ಬಿಟ್ಟರೆ ಬಿಡಲಿ ಎಂದು ಗಟ್ಟಿ ಮನಸ್ಸು ಮಾಡಿ, ಮುಚ್ಚಳ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಅವರು ಮುಚ್ಚಳವನ್ನು ಕೈಗೆತ್ತಿಕೊಂಡರು. “ಥೂ ನಿನ್ನ! ಎರಡು ವರ್ಷ ಆ ಬನಿಯನ್ ಪಕ್ಕದ ಇಡ್ಲಿ ತಿನ್ಸಿದ್ಯಾ? ಇವ್ರಿಗೂ ಗೊತ್ತಿತ್ತಾ?” ಎಂದವರು ನಗತೊಡಗಿದರು. ಭುಜ ಅಲುಗುವಷ್ಟು ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಟ್ಟೆಯನ್ನು ನನ್ನತ್ತ ತಳ್ಳಿ, “ಇನ್ನೆರಡು ಹಾಕು. ಹಿಟ್ಟು ಸರಿಯಾಗಿ ಉಬ್ಬಿಲ್ಲ ಕಣೇ. ಅಲ್ಲೇ ಇಡ್ಬಾರ್ದಿತ್ತಾ?” ಎಂದರು.

ಇಡುತ್ತೇನೆ ರಂಗಣ್ಣ. ಪೈಪಿನ ಮೇಲಲ್ಲ, ಪಕ್ಕದಲ್ಲಿ. ನಿಮ್ಮಾಣೆ.

ಮುಚ್ಚಳ ಮರಳಿ ಸಿಕ್ಕಿದ ನಿಮ್ಮ ತಂಗಿ,
ಶಾರದಾ