ಹೆಲ್ಮಿಯ ಆಪರೇಷನ್ ಕಾಗದ

ಆರ್ವೊ,

ಕೋಳಿಯ ಮೂಳೆ ಬಿಡಿಸುತ್ತಿದ್ದವಳು ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ. ಕೋಳಿ ಹೆಲ್ಮಿಗೆ, ನಿನಗೆ ನಿನ್ನೆಯ ಸಾರು. ಅವಳ ನೋವಿನ ಮಾತ್ರೆಯನ್ನು ಚೀಸ್‌ನಲ್ಲಿಟ್ಟು ಕೊಡಬೇಡ. ಚೀಸ್ ತಿಂದು ಮಾತ್ರೆಯನ್ನು ನಿನ್ನ ಬೂಟಿನೊಳಗೆ ಉಗುಳುತ್ತಾಳೆ, ಮೂರು ಸಿಕ್ಕಿವೆ.

ಇನ್ನು ನಾಯಿ ಡಾಕ್ಟರ ಕಾಗದ. ಅವಳ ಸೊಂಟಕ್ಕೆ ಆಪರೇಷನ್ ಬೇಕೋ ಬೇಡವೋ ಗುರುತು ಹಾಕಿ ಕಳಿಸಿ ಎಂದರೆ, ಮೂರು ವಾರದಿಂದ ನೀನು ಪೆನ್ಸಿಲಿನಲ್ಲಿ ‘ಬೇಕು’ ಎನ್ನುವುದು, ನೀನು ಆಚೆ ಹೋದೊಡನೆ ನಾನು ಅಳಿಸಿ ‘ಬೇಡ’ ಎನ್ನುವುದು. ಈಗ ಅಲ್ಲಿ ತೂತು ಬಿದ್ದಿದೆ.

“ನಂಗೂ ಸೊಂಟ ಬದಲಾಯಿಸಿದ್ರು, ಓಡಾಡ್ತಾ ಇಲ್ವಾ?” ಎಂದು ನಿನ್ನೆಯೂ ನೀನು ಕೇಳಿದೆ. ಓಡಾಡುತ್ತೀಯ. ಆದರೆ ಆರು ವಾರ ನರ್ಸಮ್ಮನಿಗೆ ಬೈದದ್ದನ್ನು ಮರೆತೆಯಾ? ನಿನಗಾದರೆ ಯಾಕೆ ಕೊಯ್ದರೆಂದು ಗೊತ್ತಿತ್ತು. ಹದಿನಾಲ್ಕು ವರ್ಷದವಳನ್ನು ಆರು ವಾರ ಪಂಜರದಲ್ಲಿಟ್ಟರೆ, ಯಾಕೆಂದು ಅವಳಿಗೆ ಯಾರು ಹೇಳುತ್ತಾರೆ? ಶನಿವಾರಗಳಲ್ಲಿ ನಾವು ಹಬೆಸ್ನಾನಕ್ಕೆ ಕೂತಾಗ ಬೆಚ್ಚನೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲಗುವ ಸುಖ ಅವಳಿಗೆ ಇನ್ನೆಷ್ಟು ಸಲವೋ. ಅದರಲ್ಲಿ ಆರನ್ನು ನಾನು ಬಿಟ್ಟುಕೊಡಲಾರೆ.

ತೂತಿನ ಪಕ್ಕ ಶಾಯಿಯಲ್ಲಿ ‘ಬೇಡ, ಮಾತ್ರೆ ಸಾಕು’ ಎಂದು ಬರೆದಿದ್ದೇನೆ. ಕಾಗದವನ್ನು ರಸ್ತೆಯಂಚಿನ ನಮ್ಮ ಅಂಚೆಪೆಟ್ಟಿಗೆಯಲ್ಲಿಟ್ಟು, ಒಯ್ಯಲು ಕಾಗದವಿದೆಯೆಂದು ಅಂಚೆಯವನಿಗೆ ತಿಳಿಯಲು ಅದರ ಕೆಂಪು ಬಾವುಟ ಎತ್ತಿ, ಹಾಗೇ ಚರ್ಚಿನ ಕಾಫಿ ಕೂಟಕ್ಕೆ ಹೋಗುತ್ತೇನೆ. ಒಪ್ಪಿಗೆಯಿಲ್ಲದಿದ್ದರೆ ಹನ್ನೊಂದಕ್ಕೆ ಅಂಚೆಯವನು ಬರುವ ಮುಂಚೆ ಹೋಗಿ ತೆಗೆದುಕೊ, ನಾನು ಜಗಳವಾಡುವುದಿಲ್ಲ. ಆದರೆ ಹೆಲ್ಮಿಯನ್ನೂ ಕರೆದುಕೊಂಡು, ಅವಳ ನಡಿಗೆಯಲ್ಲೇ ಹೋಗು.

ಲೆಂಪಿ

ಲೆಂಪಿ,
ಅರ್ಧ ದಾರೀಲಿ ಕೂತ್ಬಿಟ್ಲು. ನಾನೂ ಪಕ್ಕದಲ್ಲಿ ಕೂತೆ. ಅಂಚೆಯವನು ಬಂದು ಕಾಗದ ತಗೊಂಡು, ನಮ್ಮಿಬ್ಬರಿಗೂ ಕೈ ಬೀಸಿ ಹೋದ.
ಆರ್ವೊ