ನನ್ನೊಳಗೆ ಅಡಗಿದ್ದ ನಿನ್ನ ಕಿವಿ

ಮೆಹಕರ, ತಾ. ಭಾಲ್ಕಿ
ಗುರುವಾರ, 7 ನವೆಂಬರ್ 2024

ಪ್ರೀತಿಯ ತಮ್ಮ ಕಾಶೀನಾಥನಿಗೆ ನಿನ್ನ ದಾದಾ ದತ್ತಾತ್ರಿಯ ಆಶೀರ್ವಾದಗಳು.

ಸಮಸ್ತ ಮೆಹಕರ ಗ್ರಾಮಕ್ಕೂ, ಭಾಲ್ಕಿ ತಾಲೂಕಿಗೂ, ಅವಕಾಶ ಸಿಕ್ಕರೆ ಇಡೀ ಬೀದರ ಜಿಲ್ಲೆಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ನನ್ನ ಮಗಳು ಆರತಿಯ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ. ಒಂದಲ್ಲ, ಎರಡೂ ಕಿವಿಯದು. ಸದರಿ ಸಂಗತಿಯನ್ನು ಕಳೆದ ರವಿವಾರ ಮುಂಜಾನೆ ಒಂದು ಸ್ಕೇಲು, ಒಂದು ಟಾರ್ಚು ಮತ್ತು ಇಬ್ಬರು ಸಾಕ್ಷಿಗಳ ಸಮಕ್ಷಮ ಖಚಿತಪಡಿಸಿಕೊಳ್ಳಲಾಗಿದೆ. ಹಾಲಿನ ಸಂಘದ ಕಾರ್ಯದರ್ಶಿಯಾಗಿ ನೋಟೀಸು ಬರೆದು ಬರೆದು ನನ್ನ ಕೈ ಹೀಗಾಗಿದೆ, ನಗಬೇಡ. ನಕ್ಕರೂ ಅಡ್ಡಿಯಿಲ್ಲ. ಹನ್ನೊಂದು ವರ್ಷದ ಮೇಲೆ ನಿನಗೆ ಕಾಗದ ಬರೆಯುವವನು ಎಲ್ಲಿಂದಾದರೂ ಸುರು ಮಾಡಲೇಬೇಕಲ್ಲ, ಕಿವಿಯಿಂದ ಮಾಡಿದ್ದೇನೆ.

ಮೊದಲು ಕುಶಲ. ನಿನ್ನ ಬಿ.ಪಿ. ಹೇಗಿದೆ? ಉಣ್ಣೆ ಕೊಳ್ಳಲು ನಮ್ಮಲ್ಲಿಗೂ ನಿಮ್ಮ ಔರಾದಕ್ಕೂ ಬರುವ ನಿಜಾಮೋದ್ದೀನ ಭಾಯಿ ಎಲ್ಲ ಹೇಳಿದ್ದಾನೆ. "ನಿಮ್ಮ ತಮ್ಮ ಗುಳಿಗಿ ಟೈಮಿಗಿ ತಗೊಳ್ಳಂಗಿಲ್ರೀ, ಸಿಟ್ಟು ಮಾತ್ರ ಟೈಮಿಗಿ ಸರಿ ತಗೋತಾನ" ಅಂದ. ಗುಳಿಗೆ ಬಿಡಬೇಡ. ಅಪ್ಪನೂ ಹೀಗೇ ಮಾಡಿದ. ನಿನ್ನ ಮಗ ಅಮೋಲ್ ಈಗ ಹದಿನಾಲ್ಕರವನಂತೆ. ನಾನು ಕಡೆಯ ಸಲ ನೋಡಿದಾಗ ಅವನು ಕುರಿಯ ನೀರಿನ ಬಾನಿಯಲ್ಲಿ ಕೂತು ಇಳಿಯಲೊಲ್ಲೆ ಅನ್ನುತ್ತಿದ್ದ. ಇಲ್ಲಿ ನಿನ್ನ ವೈನಿ ಭೀಮಬಾಯಿಗೆ ಮೊಣಕಾಲು ನೋವು ಬಿಟ್ಟರೆ ಎಲ್ಲ ಆರಾಮ. ನಾಲಿಗೆಗೆ ಏನೂ ಆಗಿಲ್ಲ. ಈ ಕಾಗದಕ್ಕೆ ನಿನ್ನ ವಿಳಾಸ ಕೊಟ್ಟವನೂ ನಿಜಾಮೋದ್ದೀನನೇ, ಅವನ ಮೇಲೆ ಸಿಟ್ಟಾಗಬೇಡ. ನನ್ನ ನಂಬರು ನಿನ್ನ ಫೋನಿನಲ್ಲಿ ಬ್ಲಾಕ್ ಆಗಿದೆ, ಪೋಸ್ಟ್ ಡಬ್ಬಿಯನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ.

ಇನ್ನು ಕಿವಿಯ ವಿಷಯ. ಆರತಿ ಭಾಲ್ಕಿಯ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ವಿಜ್ಞಾನದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಅನ್ನುವ ಪಾಠ ನಡೆದಿದೆ. ಬೀದರದಿಂದ ದಿನಾ ಬಸ್ಸಿಗೆ ಬರುವ ಮಹಾಮಾಯಾ ಟೀಚರು ಒಂದು ಕೆಲಸ ಕೊಟ್ಟರು: ಮನೆಯವರ ಕಿವಿ ನೋಡಿ, ಹಾಲೆ ಬಿಡಿಯಾಗಿ ಜೋಲುತ್ತದೋ, ಕೆನ್ನೆಗೆ ಅಂಟಿದೆಯೋ ಬರೆದು, ಮೂರು ತಲೆಮಾರಿನ ನಕ್ಷೆ ಮಾಡಿ ತರಬೇಕು. ಚೆನ್ನಾಗಿದ್ದುದು ಬೀದರದ ವಿಜ್ಞಾನ ಮೇಳಕ್ಕೆ ಹೋಗುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರ ಕಿವಿಗೂ ನೆಮ್ಮದಿಯಿಲ್ಲ. ಹಾಲು ಹಾಕಲು ಬಂದವರನ್ನೂ ಬಿಡಲಿಲ್ಲ ಹುಡುಗಿ. ನನ್ನದು ಬಿಡಿ ಹಾಲೆ. ಗೋಣು ಹೊರಳಿಸಿದರೆ ಅಲ್ಲಾಡುತ್ತದೆ. ಭೀಮಬಾಯಿಯದೂ ಬಿಡಿ. ಆಮೇಲೆ ಆರತಿ ಕನ್ನಡಿಯ ಮುಂದೆ ನಿಂತು ತನ್ನದನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ತಿರುಗಿದಾಗ ಕಣ್ಣು ತುಂಬಿತ್ತು. "ಅಪ್ಪಾ, ನಿಂದೂ ಬಿಡಿ ಅದ, ಅವ್ವಂದೂ ಬಿಡಿ ಅದ, ನಂದ್ಯಾಕ ಅಂಟಿಕೊಂಡದ? ನಾ ನಿಮ್ಮ ಮಗಳು ಅಲ್ಲೇನು? ಖರೇ ಹೇಳು" ಅಂದಳು.

ಕಾಶೀನಾಥ, ನನಗೆ ಎಂಥ ಸಿಟ್ಟು ಬಂತು ಅಂತೀ! "ಯಾವ ಮೂರ್ಖ ಹೇಳ್ದ ನಿನಗ? ತಂದಿ ತಾಯಿ ಹ್ಯಾಂಗದಾರೋ ಮಕ್ಕಳೂ ಹಾಂಗೇ ಇರಬೇಕಂತ ಎಲ್ಲಿ ಬರದದ?" ಎಂದು ಒದರಿದೆ. ಒದರಿದ್ದು ಮುಗಿಯುವ ಮೊದಲೇ ಆ ಮೂರ್ಖ ಯಾರೆಂದು ನನಗೆ ನೆನಪಾಯಿತು. ಭೀಮಬಾಯಿ ಜೋಳದ ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ, "ಹನ್ನೊಂದು ವರ್ಷದ ಹಿಂದ ಪಂಚರ ಮುಂದ ನೀವೇ ಬರದು ಕೊಟ್ಟಂಗ ಹೇಳಿದ್ರಲ್ಲರೀ" ಅಂದಳು. ಈ ಹೆಂಗಸಿಗೆ ಮರೆವು ಅನ್ನುವುದು ಯಾವ ತಲೆಮಾರಿನಿಂದಲೂ ಬಂದಿಲ್ಲ.

ಅದನ್ನು ನಿನಗೆ ನೆನಪಿಸಬೇಕಾಗಿಲ್ಲ. ನನಗೆ ನಾನೇ ನೆನಪಿಸಿಕೊಳ್ಳುತ್ತೇನೆ. ನಾಲ್ಕು ತಲೆಮಾರು ನಾವು ಸಾಕಿದ್ದು ಕರಿ ಕುರಿ. ಕರಿ ಟಗರು, ಕರಿ ಕುರಿ, ಕರಿ ಮರಿ. ಒಂದು ಸಲವೂ ತಪ್ಪಿದ್ದಿಲ್ಲ. ಹಾಗಾಗಿ ಲೋಕದ ಕಾಯ್ದೆಯೇ ಇದು ಎಂದು ನಾನು ತಿಳಿದಿದ್ದೆ. ನೀನು ಉದಗೀರ ಕಡೆಯ ಸಂತೆಯಿಂದ ಬಿಳಿ ಜೋಡಿ ತಂದೆ. ನಮ್ಮ ಕರಿ ಟಗರು ಸುಳಿಯದಂತೆ ಹಿತ್ತಿಲಲ್ಲಿ ಬೇರೆ ದೊಡ್ಡಿ ಕಟ್ಟಿದೆ. ಒಂದು ಮುಂಜಾನೆ ಆ ಬಿಳಿ ಕುರಿಯ ಕೆಳಗೆ ಇದ್ದಿಲಿನಂಥ ಕರಿ ಮರಿ. ಅದೇ ಮುಂಜಾನೆ ನನ್ನ ಕುರಿ ಹಾಕಿದ ಅವಳಿಯಲ್ಲಿ ಒಂದು ಮರಿ ಇಲ್ಲ. ತೋಳ ಒಯ್ದಿರಬಹುದು ಎಂದು ಊರೆಲ್ಲ ಅಂದರೂ ನಾನು ಒಪ್ಪಲಿಲ್ಲ, ನೀನೇ ಕದ್ದು ಬಿಳಿ ಕುರಿಯ ಕೆಳಗೆ ಬಿಟ್ಟಿದ್ದೀ ಎಂದು ಹಟ ಹಿಡಿದೆ. "ಬಿಳಿ ಗಂಡಿಗಿ ಬಿಳಿ ಹೆಣ್ಣಿಗಿ ಕರಿ ಮರಿ ಹುಟ್ತದೇನೋ? ಹುಚ್ಚರಿಗಿ ಹೇಳು ಹೋಗು" ಅಂದೆ, ಪಂಚರ ಮುಂದೆ. ನೀನು "ದಾದಾ, ಅವ್ವನ ಆಣಿ, ಇದು ಅದರ ಹೊಟ್ಟಿದೇ" ಅಂದೆ. ನಾನು ಮರಿಯನ್ನು ಎತ್ತಿಕೊಂಡೆ. ಪಂಚರೆಲ್ಲ ಕರಿ ಕುರಿಯವರೇ, ಹೌದೆಂದು ಗೋಣು ಹಾಕಿದರು. ನೀನು ಹೆಂಡತಿ ಮಗುವಿನೊಂದಿಗೆ ಹಿಂಡು ಹೊಡೆದುಕೊಂಡು ಹೊಳೆ ದಾಟಿದೆ. ಇನ್ನೊಂದು ಮಾತು ನಿನಗೆ ಗೊತ್ತಿಲ್ಲ: ಆ ಮರಿಯನ್ನು ನನ್ನ ಕುರಿ ಮೂಸಿ ನೋಡಿ ಗುಮ್ಮಿ ದೂರ ತಳ್ಳಿತು. ಮೊಲೆಗೆ ಬಿಡಲೇ ಇಲ್ಲ. ನಿನ್ನ ವೈನಿ ಬಾಟಲಿ ಹಾಲು ಕುಡಿಸಿ ಬೆಳೆಸಿದಳು. ಕುರಿಗೆ ತಿಳಿದದ್ದು ಕಾರ್ಯದರ್ಶಿಗೆ ತಿಳಿಯಲಿಲ್ಲ. ಕುರಿ ಹಟಮಾರಿ ಎಂದು ಷರಾ ಬರೆದು ಮುಗಿಸಿದೆ.

ಸೋಮವಾರ ಆರತಿಯ ಜೊತೆ ನಾನೂ ಭಾಲ್ಕಿಗೆ ಹೋದೆ. ಇಸ್ತ್ರಿ ಅಂಗಿ, ಹೊಸ ಟೊಪ್ಪಿಗೆ. ಮಹಾಮಾಯಾ ಟೀಚರು ನನ್ನನ್ನು ಮಕ್ಕಳ ಬೆಂಚಿನ ಮೇಲೆ ಕೂಡಿಸಿ, ಬೋರ್ಡಿನ ಮೇಲೆ ನಾಲ್ಕು ಮನೆ ಗೀಚಿದರು. "ನೋಡ್ರಿ ದತ್ತಾತ್ರಿಯವ್ರೇ, ಪ್ರತಿ ಕೂಸಿಗಿ ತಂದಿದೊಂದು ಪಾಲು, ತಾಯಿದೊಂದು ಪಾಲು. ಬಿಡಿ ಹಾಲಿದು ಒಂದೇ ಪಾಲಿದ್ದರೂ ಕಿವಿ ಬಿಡೀನೇ ಕಾಣ್ತದ. ಅಂಟಿದ್ದು ಕಾಣಬೇಕಂದ್ರ ಎರಡೂ ಪಾಲು ಅದರದೇ ಬರಬೇಕು. ನೀವಿಬ್ಬರೂ ಒಳಗೊಂದೊಂದು ಇಟ್ಕೊಂಡೀರಿ. ಆರತಿಗಿ ಎರಡೂ ಬಂದಾವ, ಅಷ್ಟೇರಿ. ನಿಮ್ಮ ಮಗಳೇ, ಚಿಂತಿ ಬ್ಯಾಡ." ಮನುಷ್ಯರ ಕಿವಿಯ ಲೆಕ್ಕ ನಿಜವಾಗಿ ಇದಕ್ಕಿಂತ ತೊಡಕಿನದು, ಪುಸ್ತಕ ತಿಳಿಯಲೆಂದು ಸರಳ ಮಾಡಿದೆ ಅಂತಲೂ ಹೇಳಿದರು. ಆರತಿಯ ಮುಖ ಅರಳಿತು. ನನ್ನದು ಅರಳಲಿಲ್ಲ. ಆ ನಾಲ್ಕು ಮನೆ ನನ್ನ ಕಣ್ಣಿಗೆ ದೊಡ್ಡಿಯಂತೆ ಕಾಣುತ್ತಿದ್ದವು. ಬೆಂಚಿನಿಂದ ಕೈ ಎತ್ತಿ, "ಟೀಚರ್ರೀ, ಕುರಿಗೂ ಇದೇ ಕಾಯ್ದೆ ಏನ್ರೀ?" ಎಂದು ಕೇಳಿದೆ. "ಕುರಿಗೂ ಅದ್ರೀ. ಬಿಳಿ ಜೋಡಿಗಿ ಕರಿ ಮರಿ ಹುಟ್ಟೋದು ಹೊಸದೇನಲ್ಲ. ಕರಿ ಒಳಗ ಕೂತಿರ್ತದ" ಅಂದರು. ಹೊಸ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹಿಂದಿನ ಸಾಲಿನ ಹುಡುಗಿಯರು ನಕ್ಕರು, ಆರತಿ ಕಣ್ಣು ಬಿಟ್ಟು ಸುಮ್ಮನಿರಿಸಿದಳು.

ಅಂದಿನಿಂದ ಅವಳ ಪುಸ್ತಕ ನನ್ನ ಕೈಯಲ್ಲಿದೆ. ಮೆಂಡಲ್ ಎಂಬ ಒಬ್ಬ ಪಾದ್ರಿ ಬಟಾಣಿ ಬೆಳೆದ. ಎತ್ತರದ ಗಿಡಕ್ಕೂ ಕುಳ್ಳ ಗಿಡಕ್ಕೂ ಕೂಡಿಸಿದರೆ ಮಕ್ಕಳೆಲ್ಲ ಎತ್ತರ. ಕುಳ್ಳಿನ ವಂಶ ಮುಗಿಯಿತು ಎಂದು ನಾನಾಗಿದ್ದರೆ ಷರಾ ಬರೆದು ಎದ್ದು ಹೋಗುತ್ತಿದ್ದೆ. ಆತ ಏಳಲಿಲ್ಲ. ಮತ್ತೆ ಬಿತ್ತಿದ, ಒಂದೊಂದೇ ಗಿಡ ಎಣಿಸಿದ. ನಾಲ್ಕಕ್ಕೆ ಒಂದರಂತೆ ಕುಳ್ಳ ಗಿಡ ತಿರುಗಿ ಬಂದಿತ್ತು! ಸತ್ತಿರಲಿಲ್ಲ, ಕೆಟ್ಟಿರಲಿಲ್ಲ, ಎತ್ತರದವರ ಮೈಯೊಳಗೆ ಒಂದು ಮಾತೂ ಆಡದೆ ಕೂತಿತ್ತು. ಅಪ್ಪ, ನಾನು, ನೀನು ಎಷ್ಟು ವರ್ಷ ತೊಗರಿ ಬಿತ್ತಿದೆವು. ಒಂದು ದಿನ ಹೀಗೆ ಬಗ್ಗಿ ಕೇಳಿದ್ದೇವೆಯೇ? ಹೀಗೆ ಅಡಗಿ ಕೂಡುವುದಕ್ಕೆ ಪುಸ್ತಕದವರು ದುರ್ಬಲ ಲಕ್ಷಣ ಎಂದು ಹೆಸರಿಟ್ಟಿದ್ದಾರೆ. ಅವರು ನಿನ್ನನ್ನು ಕಂಡಿಲ್ಲ.

ಯಾಕೆಂದರೆ ಆ ಕಿವಿ ನಿನ್ನದು, ಕಾಶೀನಾಥ. ನಿನಗೆ ಕಿವಿ ಚುಚ್ಚಲು ಬಂದ ಪತ್ತಾರ "ಈ ಹುಡುಗಗ ಹಾಲಿನೇ ಇಲ್ಲಲ್ಲವ್ವಾ, ಎಲ್ಲಿ ಚುಚ್ಚಲಿ?" ಎಂದು ಗೊಣಗಿದ್ದು, ಅವ್ವ ತನ್ನ ಕಿವಿ ತೋರಿಸಿ "ನಂದೂ ಹಾಂಗೇ ಅದ, ಚುಚ್ಚೋ" ಅಂದದ್ದು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅವ್ವನ ಆ ಒಂದು ಪಾಲು ನನಗೂ ಬಂದಿತ್ತು, ನನ್ನ ಜೋಲು ಕಿವಿಯ ಹಿಂದೆ ಯಾರಿಗೂ ಕಾಣದೆ. ಭೀಮಬಾಯಿ ಅವ್ವನ ಅಣ್ಣನ ಮಗಳಲ್ಲವೇ, ಆ ಮನೆಯಿಂದ ಅವಳೂ ಒಂದು ತಂದಿದ್ದಾಳೆ. ನಿನ್ನ ಹೆಸರು ಈ ಮನೆಯಲ್ಲಿ ಎತ್ತಬಾರದೆಂದು ನಾನು ಹುಕುಂ ಮಾಡಿದ ದಿನವೂ ನಿನ್ನ ಕಿವಿ ನನ್ನ ರಕ್ತದಲ್ಲಿ ಓಡಾಡಿಕೊಂಡಿತ್ತು, ಮಗಳ ತಲೆಗೆ ನಾನೇ ಎಣ್ಣೆ ಹಚ್ಚುವಾಗ ಎರಡೂ ಕಡೆ ನನ್ನ ಕೈಗೆ ತಾಗುತ್ತಿತ್ತು. ಮುಖ ನೆನಪಿಲ್ಲದ ಕಾಕಾನ ಕಿವಿ ಇಟ್ಟುಕೊಂಡು ನನ್ನ ಎದುರಿಗೇ ಬೆಳೆದಿದ್ದಾಳೆ ಹುಡುಗಿ.

ಪಾಠದಲ್ಲಿ ಇನ್ನೊಂದು ಮಾತಿದೆ. ಬದುಕಿದ್ದಾಗ ಮೈಗಾದ ಗಾಯ ಬೀಜಕ್ಕೆ ಇಳಿಯುವುದಿಲ್ಲವಂತೆ. ತಲೆಮಾರುಗಟ್ಟಲೆ ಇಲಿಯ ಬಾಲ ಕತ್ತರಿಸಿದರೂ ಮರಿಗೆ ಪೂರ್ತಿ ಬಾಲ. ಇದಕ್ಕೆ ಇಲಿ ಯಾಕೆ ಬೇಕಿತ್ತು, ನಮ್ಮ ಮನೆಗೆ ಬಂದಿದ್ದರೆ ಆಗುತ್ತಿತ್ತು! ಮುತ್ತಜ್ಜನ ಕಾಲದಿಂದ ಗುರುತಿಗೆಂದು ಪ್ರತಿ ಮರಿಯ ಎಡಗಿವಿಗೆ ಎರಡು ಕಚ್ಚು ಹಾಕುತ್ತ ಬಂದಿದ್ದೇವೆ. ಇವತ್ತಿಗೂ ಒಂದೊಂದು ಮರಿಯೂ ಹೊಚ್ಚ ಹೊಸ ಕಿವಿಯಿಂದಲೇ ಹುಟ್ಟುತ್ತದೆ. ನಾನು ಇದನ್ನು ಬೆರಗಾಗಿ ಓದಿ ಹೇಳಿದರೆ ಭೀಮಬಾಯಿ, "ಜಗಳ ನಿಮ್ಮಿಬ್ಬರದು. ಹುಡುಗ್ರ ಕಿವಿ ಇನ್ನಾ ನೆಟ್ಟಗ ಅವ" ಅಂದಳು. ನೀನೂ ಅಲ್ಲಿ ಅದೇ ಎರಡು ಕಚ್ಚು ಹಾಕುತ್ತೀ, ಗುರುತು ಬದಲಿಸಿಲ್ಲ ಎಂದು ನಿಜಾಮೋದ್ದೀನ ಹೇಳಿದ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಹಿಂಡು ಎರಡಾಗಿ, ನಡುವೆ ಹೊಳೆಯೋ ಗುಡ್ಡವೋ ಬಿದ್ದು, ಬಹಳ ಕಾಲ ಕೂಡದೇ ಹೋದರೆ ಕಡೆಗೆ ಎರಡು ಬೇರೆ ಜೀವಜಾತಿಗಳೇ ಆಗಿಬಿಡುತ್ತವೆ, ತಿರುಗಿ ಕೂಡಿಸಿದರೂ ಕೂಡುವುದಿಲ್ಲ ಎಂದೂ ಬರೆದಿದೆ. ನಮ್ಮ ನಡುವೆ ಮಾಂಜ್ರಾ ಹೊಳೆ ಇದೆಯಲ್ಲ, ನನಗೆ ಗಾಬರಿಯಾಯಿತು. ಹನ್ನೊಂದು ವರ್ಷ ಸಾಕಾಗುತ್ತದೇನ್ರೀ ಎಂದು ಆರತಿಯ ಕೈಲಿ ಟೀಚರನ್ನು ಕೇಳಿಸಿದೆ. ಸಾವಿರಾರು ತಲೆಮಾರು ಬೇಕು, ನಿಮ್ಮಪ್ಪಗ ಇನ್ನೂ ಟೈಮ್ ಅದ ಅಂತ ಹೇಳು ಅಂದರಂತೆ.

ತಂಗಿಗೆ, ಅಂದರೆ ನಿನ್ನ ಮನೆಯವಳಿಗೆ, ನನ್ನ ಹಾಗೂ ಭೀಮಬಾಯಿಯ ಆಶೀರ್ವಾದ ತಿಳಿಸು. ಅಮೋಲ್‌ನ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಾಡಿಸು. ನಿನ್ನ ಹಿಂಡು ನೂರಾಗಲಿ, ಮೇವು ನೀರು ಸಮೃದ್ಧವಾಗಿರಲಿ, ಗುಳಿಗೆ ನೆನಪಿರಲಿ.

ಇಂತಿ ನಿನ್ನ ದಾದಾ,
ದತ್ತಾತ್ರಿ
(ಬಿಡಿ ಹಾಲೆ, ಒಳಗೆ ಅಂಟಿದ್ದು)

ತಾ.ಕ.: ಪೋಸ್ಟಿನ ಚೀಲ ಹೊರಡುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಮರಿ ನಿನ್ನದೇ ಇತ್ತು. ನೀನು ಅವ್ವನ ಆಣೆ ಮಾಡಿ ಖರೆ ಹೇಳಿದ್ದೆ, ನಾನು ತಪ್ಪಿದೆ. ಇದನ್ನು ನಿನ್ನೆ ಪಂಚರ ಕಟ್ಟೆಯಲ್ಲಿ ನಿಂತು ಅವರೆದುರಿಗೂ ಹೇಳಿ ಬಂದಿದ್ದೇನೆ. ಆ ಮರಿಯ ಸಂತಾನದ ಒಂದು ಮರಿ ಮೊನ್ನೆ ಹುಟ್ಟಿದೆ, ಕಿವಿಗೆ ಕಚ್ಚು ಹಾಕಿಸಿಲ್ಲ, ಅದು ನಿನ್ನ ಕೈಯಿಂದಲೇ ಆಗಲಿ. ಈಗ ಒಂದು ಸಣ್ಣ ಕೆಲಸ. ಆರತಿಯ ನಕ್ಷೆಯಲ್ಲಿ ನಿನ್ನ ಮನೆ ಮತ್ತು ಅಮೋಲ್‌ನ ಮನೆ ಖಾಲಿ ಇವೆ. ಬದುಕಿದ್ದವರ ವಿಷಯಕ್ಕೆ ನೆನಪಿನ ಮಾತು ನಡೆಯುವುದಿಲ್ಲ, ಫೋಟೋವೂ ನಡೆಯುವುದಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯಬೇಕು ಎಂದು ಟೀಚರ ಕಟ್ಟಪ್ಪಣೆ. 17ನೇ ತಾರೀಖು ರವಿವಾರ ಔರಾದದಿಂದ ಮುಂಜಾನೆಯ ಬಸ್ಸಿಗೆ ಅಮೋಲ್‌ನನ್ನು ಕರೆದುಕೊಂಡು ಭಾಲ್ಕಿ ಬಸ್ ಸ್ಟ್ಯಾಂಡಿಗೆ ಬಾ. ನನ್ನೊಡನೆ ಮಾತಾಡಬೇಕೆಂದಿಲ್ಲ, ಬೇಕಾದರೆ ಅದೇ ಬಸ್ಸಿಗೆ ತಿರುಗಿ ಹೋಗು. ಇಳಿದ ಕೂಡಲೇ ರುಮಾಲು ಮಾತ್ರ ಕಿವಿಯ ಮೇಲಿಂದ ಸ್ವಲ್ಪ ಸರಿಸು, ಹುಡುಗಿ ನೋಡಿ ಬರೆದುಕೊಳ್ಳುತ್ತಾಳೆ.