ಮೂರನೇ ಗಂಟೆ ಬಾರಿಸದವನ ಓಲೆ

ಬನಹಟ್ಟಿ, ದನಿಕಣಜದ ಹೊಸ್ತಿಲು. ಇಸವಿ ೨೪೧೯, ಹದಿಮೂರನೇ ತಿಂಗಳು, ಮೂವತ್ತೆರಡನೇ ದಿನ, ಭಾನುವಾರ.

ಕೂತವರೇ, ನಿಂತವರೇ, ಜಾಗ ಸಿಗದೆ ಕಂಬಕ್ಕೆ ಜೋತುಬಿದ್ದವರೇ! ನಾನೂರು ವರ್ಷ ಹಿಂದಿನ ಕತ್ತಲಲ್ಲಿ ಕುಳಿತ ಮಹಾಜನರೇ! ನಾಟಕ ಕಂಪನಿಯ ರಾಕ್ಷಸ ಪಾತ್ರಧಾರಿ, ಈ ಊರಿನ ಕಣಜಗಾರ ಗುರುಪಾದಯ್ಯ ನಿಮಗೆ ಶರಣು ಅನ್ನುತ್ತಾನೆ. ನನ್ನ ತಾರೀಖು ಸುಳ್ಳೆನಿಸೀತು, ಮಾತು ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಸತ್ತವರ ಫೋಟೋ ಇಡುವುದಿಲ್ಲ, ದನಿ ಇಡುತ್ತೇವೆ. ಮನೆಗೊಂದು ದನಿಗಂಟು, ನೀವು ಡೇಟಾಬೇಸ್ ಅನ್ನುತ್ತಿದ್ದಿರಂತೆ. ನಲವತ್ತು ಮನೆಯ ಗಂಟುಗಳೂ ಒಂದೇ ಕಣಜದಲ್ಲಿ. ಯುಗಾದಿಗೊಮ್ಮೆ ಇಡೀ ಕಣಜದ ಪಡಿಯಚ್ಚು ತೆಗೆದಿಡುತ್ತೇವೆ. ಅದು ನಿಮ್ಮ ಬ್ಯಾಕಪ್ಪು. ಒಂದು ಗಂಟು ಕೆಟ್ಟರೆ ಪಡಿಯಚ್ಚನ್ನು ಖಾಲಿ ಕೋಣೆಯಲ್ಲಿ ಬಿಚ್ಚಿ, ಆ ಗಂಟನ್ನಷ್ಟೇ ಆರಿಸಿ ತರಬೇಕು. ಮೂರು ದಿನದ ಕೆಲಸ. ಅವಸರವಿದ್ದರೆ ಕಣಜದ ಮೇಲೇ ಹಾಸಿಬಿಡಬಹುದು. ಆದರೆ ಆಗ ನಲವತ್ತೂ ಮನೆಗಳ ದನಿ ಯುಗಾದಿಗೆ ಹಿಂದಿರುಗುತ್ತದೆ, ಆಮೇಲಿನದೆಲ್ಲ ಅಳಿಯುತ್ತದೆ. ಅದಕ್ಕೇ, ಪರದೆ ಏಳುವ ಮೊದಲಿನಂತೆ, ಮೂರು ಗಂಟೆ ಬಾರಿಸುವ ಪದ್ಧತಿ. ಮನೆಗೊಬ್ಬರು ಬಂದು ತಮ್ಮ ಹೊಸ ದನಿಗಳನ್ನು ಬೇರೆ ತೆಗೆದುಕೊಂಡ ಮೇಲಷ್ಟೇ ಮೂರನೆಯದು.

ಮೊನ್ನೆ ಶುಕ್ರವಾರ ನನ್ನ ಹೆಂಡತಿ ಚಂಪವ್ವ ತೀರಿಕೊಂಡು ಒಂದು ವರ್ಷ. ಹಿಂದಿನ ದಿನ ತಾಲೀಮಿನಲ್ಲಿ ನನ್ನ ಅಟ್ಟಹಾಸವನ್ನು ಕಣಜಕ್ಕೆ ತುಂಬಿಸಲು ಹೋಗಿ, ಅವಳ ಒಂದೇ ಒಂದು ಹಾಡನ್ನು ನಾನೇ ಅಳಿಸಿಬಿಟ್ಟಿದ್ದೆ. ದೀಪ ಹಚ್ಚುವಾಗ ಆ ಹಾಡಿರಬೇಕು, ಅಷ್ಟೇ ನನ್ನ ಹಟ. ಎರಡು ಗಂಟೆ ಬಾರಿಸಿದೆ. ಊರೆಲ್ಲ ಸಂತೆಗೆ ಹೋಗಿತ್ತು, ಯಾರೂ ಬರಲಿಲ್ಲ. ಕಾಯಲಿಲ್ಲ. ಹಾಸಿಬಿಟ್ಟೆ!

ಚಂಪವ್ವ ಹಾಡಿದಳು. ನಾನು ಅತ್ತುಬಿಟ್ಟೆ. ಎರಡನೇ ನುಡಿಗೆ ನೆತ್ತಿಗೆ ಬಡಿದಂತೆ ನೆನಪಾಯಿತು: ನೀಲಗಂಗವ್ವನ ಕೂಸು.

ನೀಲಗಂಗವ್ವ ನೇಯುವವಳು. ಅವಳ ಮಗಳು ಪಾರಿ ಯುಗಾದಿ ಕಳೆದ ಮೇಲೆ ಹುಟ್ಟಿ, ಏಳನೇ ತಿಂಗಳಲ್ಲಿ ಜ್ವರ ಬಂದು ತೀರಿಕೊಂಡಳು. ಉಳಿದಿದ್ದು ಒಂದೇ ದನಿ: ಕೂಸು ಸೀನುತ್ತದೆ, ತನ್ನ ಸೀನಿಗೆ ತಾನೇ ಬೆರಗಾಗಿ ಕಿಲಕಿಲ ನಗುತ್ತದೆ. ಪ್ರತಿ ಸೋಮವಾರ ಮಗ್ಗ ನಿಲ್ಲಿಸಿ ಅದನ್ನು ಕೇಳಲು ಬರುತ್ತಾಳೆ. ಹೋದ ವಾರ ಪಕ್ಕದಲ್ಲೇ ನನ್ನ ತಾಲೀಮು ನಡೆದಿತ್ತು.

"ಏ ಮಾಸ್ತರ, ಸಾಕ್ ಮಾಡ್ರೀ ನಿಮ್ಮ ರಾಕ್ಷಸನ ನಗಿ! ನನ್ನ ಕೂಸು ನಗೂದು ಕೇಳವಲ್ದು."

"ಕೂಸಿಗೆ ಅಂಜಿಕಿ ಬಂತೇನವಾ?"

"ಅದ್ಯಾಕ ಅಂಜತೈತ್ರಿ? ನಿಮ್ಮನ್ನ ನೋಡೇ ನಗತೈತಿ ಅದು!"

ಇಬ್ಬರೂ ನಕ್ಕಿದ್ದೆವು. ಉಳಿದ ಮನೆಯವರು ಕಳೆದದ್ದನ್ನು ಮತ್ತೆ ಹಾಡಿ, ಮಾತಾಡಿ ತುಂಬಿಸಿಯಾರು; ಆ ನಗು ಮಾತ್ರ ಈಗ ಕಣಜದಲ್ಲಿಲ್ಲ, ಪಡಿಯಚ್ಚಿನಲ್ಲೂ ಇಲ್ಲ. ಅವಳಿಗೆ ಇನ್ನೂ ಗೊತ್ತಿಲ್ಲ.

ಮಹಾಜನರೇ, ಯಾರ ದನಿಯನ್ನಾದರೂ ಅಚ್ಚಿಳಿಸುವ ಗಂಟಲು ನನ್ನದು. ನಿನ್ನೆ ಬಾಗಿಲು ಹಾಕಿಕೊಂಡು ಸೀನಿದೆ, ನಕ್ಕೆ. ಹೆತ್ತವಳಿಗೂ ವ್ಯತ್ಯಾಸ ತಿಳಿಯದು! ಕಣಜಕ್ಕೆ ತುಂಬಲು ಕೈ ಹೋಯಿತು. ತಾಯಿ ವಾರವಾರವೂ ಬಂದು ಈ ಮುದುಕನ ಗಂಟಲನ್ನು ಮುದ್ದಿಸುವಳಲ್ಲಾ ಅನಿಸಿ, ಕೈ ಕೆಳಗಿಳಿಯಿತು.

ನಿಮ್ಮಲ್ಲೊಂದು ಬೇಡಿಕೆ. ಕಳೆದುಕೊಂಡದ್ದನ್ನು ಮರಳಿ ತರುವಾಗ, ಅದೇ ಸೂರಿನಡಿ ಇನ್ನಾರು ಇದ್ದಾರೆಂದು ಕೇಳಿಕೊಳ್ಳಿ. ಮೂರನೇ ಗಂಟೆಗೆ ಕಾಯಿರಿ.

ನಾಳೆ ಸೋಮವಾರ. ಬೆಳಗ್ಗೆ ಎದ್ದು, ಬಣ್ಣವಿಲ್ಲದ ಮೋರೆಯಲ್ಲಿ, ಅವಳು ಮಗ್ಗ ನಿಲ್ಲಿಸುವ ಮೊದಲೇ ಅವಳ ಬಾಗಿಲಿಗೆ ನಾನೇ ಹೋಗುತ್ತೇನೆ. ನನ್ನ ಸ್ವಂತ ದನಿಯಲ್ಲಿ ಹೇಳುತ್ತೇನೆ.